ಚರ್ಮದ ಸಸಿಮಡಿ: ಹೋವರ್ಡ್ ಗ್ರೀನ್ ಅವರ ಸಂಶೋಧನೆಯ ಹಾದಿ

ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಬೋಂಡದ ಬಾಣಲೆಯ ಮುಂದೆ ನಿಲ್ಲುತ್ತಿದ್ದ ಕುಂದಾಪುರ ಕಡೆಯ ಹುಡುಗನೊಬ್ಬನ ಬಲಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಕಾದ ಎಣ್ಣೆ ಚೆಲ್ಲಿ ಅವನು ಆಸ್ಪತ್ರೆ ಸೇರಿದ್ದ. ಡಾಕ್ಟರು ಆಡುವ ಮರಾಠಿ ಅವನಿಗೆ ಪೂರ್ತಿಯಾಗಿ ತಿಳಿಯುತ್ತಿರಲಿಲ್ಲವಾದ್ದರಿಂದ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾಗಿದ್ದ ನನ್ನನ್ನು ಹೋಟೆಲಿನ ಯಜಮಾನರು ದುಭಾಷಿಯಂತೆ ಜೊತೆಗೆ ಕರೆದುಕೊಂಡು ಹೋದರು. ತೊಡೆಯಿಂದ ಚರ್ಮದ ತೆಳುವಾದ ಪದರವೊಂದನ್ನು ತೆಗೆದು ಕೈಗೆ ಹಚ್ಚುತ್ತಾರೆ ಎಂದು ನಾನು ಹೇಳಿದಾಗ ಹುಡುಗ ಕೇಳಿದ್ದು ಒಂದೇ ಮಾತು: "ಮಾಷ್ಟ್ರೇ, ತೊಡಿ ಚರ್ಮ ತೆಗ್ದ್ರೆ ಆ ಜಾಗಕ್ಕೆ ಯಾರ್ ಚರ್ಮ ಹಾಕ್ತ್ರ್?" ನಗು ಬರಿಸುವಂತೆ ಕೇಳಿಸಿದರೂ, ಪುನರುತ್ಪಾದಕ ವೈದ್ಯಕೀಯ ಮತ್ತು ಅಂಗಾಂಶ ಎಂಜಿನಿಯರಿಂಗ್ ಎಂಬ ದೊಡ್ಡ ಹೆಸರಿನ ಶಾಸ್ತ್ರಗಳ ಬುಡದಲ್ಲಿರುವುದು ಈ ಪ್ರಶ್ನೆಯೇ. ಇದನ್ನು ಕೊನೆಯವರೆಗೂ ಹಿಡಿದು ಹೋದ ವಿಜ್ಞಾನಿ ಹೋವರ್ಡ್ ಗ್ರೀನ್. ಅವರ ಕೆಲಸದ ಜಾಡಿನಲ್ಲಿ ನಡೆದರೆ ಈ ಇಡೀ ಕ್ಷೇತ್ರ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ ಎನ್ನುವುದು ತಿಳಿಯುತ್ತದೆ.

ಹುಡುಗನಿಗೆ ನಾನು ಕೊಟ್ಟ ಉತ್ತರ, ತೊಡೆಗೆ ಯಾರ ಚರ್ಮವೂ ಬೇಕಿಲ್ಲ, ಅಲ್ಲಿ ತಾನಾಗಿಯೇ ಬರುತ್ತದೆ ಎಂಬುದು. ಕಾರಣ ಚರ್ಮದ ರಚನೆಯಲ್ಲಿದೆ. ನಮ್ಮ ಚರ್ಮಕ್ಕೆ ಎರಡು ಮುಖ್ಯ ಪದರಗಳು. ಮೇಲಿರುವ ಹೊರಚರ್ಮ ಬಹುಭಾಗ ಕೆರಟಿನೊಸೈಟ್ ಎಂಬ ಕೋಶಗಳಿಂದಲೇ ಆದದ್ದು. ದೇಹದ ಹೆಚ್ಚಿನ ಕಡೆ ಅದು ಕಾಗದದಷ್ಟು ತೆಳು, ರಕ್ತನಾಳಗಳು ಅದರೊಳಗೆ ಹೋಗುವುದೇ ಇಲ್ಲ. ಅದರ ತಳದ ಸಾಲಿನ ಕೋಶಗಳು ಸದಾ ಇಬ್ಭಾಗವಾಗುತ್ತ ಮೇಲಕ್ಕೆ ಹೊಸ ಕೋಶಗಳನ್ನು ತಳ್ಳುತ್ತವೆ; ಮೇಲೇರಿದ ಕೋಶಗಳು ಗಟ್ಟಿಯಾಗಿ, ಸತ್ತು, ಸರಿಸುಮಾರು ತಿಂಗಳೊಳಗೆ ಉದುರಿ ಹೋಗುತ್ತವೆ. ಕೆಳಗಿರುವ ಒಳಚರ್ಮ ದಪ್ಪನೆಯದು. ಕೊಲಾಜೆನ್ ನಾರು, ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬೇರು ಎಲ್ಲ ಇರುವುದು ಅಲ್ಲಿ. ಕಸಿಗಾಗಿ ಶಸ್ತ್ರವೈದ್ಯರು ಹೆರೆಯುವುದು ಹೊರಚರ್ಮ ಮತ್ತು ಒಳಚರ್ಮದ ಮೇಲ್ಭಾಗ ಮಾತ್ರ, ಮಿಲಿಮೀಟರಿನ ಮೂರನೇ ಒಂದು ಭಾಗದ ಆಸುಪಾಸು. ಕೂದಲಿನ ಬೇರುಗಳು ತೊಡೆಯಲ್ಲೇ ಉಳಿಯುತ್ತವೆ, ಆ ಬೇರಿನ ಸುತ್ತಲೂ ಹೊರಚರ್ಮದ ಕೋಶಗಳ ಒರತೆಯಿದೆ. ಹೆರೆದ ಗದ್ದೆಯಲ್ಲಿ ಉಳಿದ ಬುಡಗಳಿಂದ ಹುಲ್ಲು ಮತ್ತೆ ಚಿಗುರುವಂತೆ ಆ ಕೋಶಗಳು ಹೊರಬಂದು ಎರಡು ವಾರದೊಳಗೆ ಗಾಯವನ್ನು ಮುಚ್ಚುತ್ತವೆ. ಎಣ್ಣೆ ಬಿದ್ದ ಕೈಯಲ್ಲಿ ಹಾಗಾಗದಿರುವುದಕ್ಕೆ ಕಾರಣ, ಅಲ್ಲಿ ಬೇರು ಸಮೇತ ಸುಟ್ಟಿರುತ್ತದೆ.

ಒಂದು ಕೈ ಸುಟ್ಟವನಿಗೆ ತೊಡೆ ಇದೆ. ಮೈಯೆಲ್ಲ ಸುಟ್ಟವರ ಗತಿ ಏನು? ಸುಟ್ಟಗಾಯ ಅಳೆಯುವ ವೈದ್ಯರು ಒಂಬತ್ತರ ನಿಯಮವೊಂದನ್ನು ಬಳಸುತ್ತಾರೆ: ದೊಡ್ಡವರಲ್ಲಿ ತಲೆ ಶೇ 9, ಒಂದೊಂದು ಕೈ ಶೇ 9, ಒಂದೊಂದು ಕಾಲು ಶೇ 18, ಮುಂಡದ ಮುಂಭಾಗ ಶೇ 18, ಹಿಂಭಾಗ ಶೇ 18. ಸುಟ್ಟ ಭಾಗ ಅರ್ಧವನ್ನು ಮೀರಿದರೆ, ಮುಚ್ಚಬೇಕಾದ ಜಾಗಕ್ಕಿಂತ ಕೊಡಬಲ್ಲ ಜಾಗ ಕಡಿಮೆಯಾಗುತ್ತದೆ. ತೆಗೆದ ಚರ್ಮಕ್ಕೆ ಬಲೆಯಂತೆ ಸಣ್ಣ ಸಣ್ಣ ಸೀಳು ಹಾಕಿ ಮೂರು ಪಟ್ಟು ಹಿಗ್ಗಿಸಬಹುದು, ಎರಡು ವಾರ ಕಾದು ಅದೇ ತೊಡೆಯಿಂದ ಮತ್ತೆ ತೆಗೆಯಬಹುದು. ಆದರೆ ಚರ್ಮವಿಲ್ಲದ ಮೈ ಕಾಯುವುದಿಲ್ಲ. ನೀರು, ಲವಣ, ಶಾಖ ಸೋರಿ ಹೋಗುತ್ತವೆ, ಬ್ಯಾಕ್ಟೀರಿಯಾ ಒಳಹೊಗುತ್ತವೆ.

ಆ ನಡುವಿನ ಕಾಲವನ್ನು ದಾಟಿಸಲು ಮುಂಬಯಿಯ ವೈದ್ಯರು ಮಾಡಿದ ಪ್ರಯತ್ನಗಳನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಈ ಊರಿನಲ್ಲಿ ಬಾಳುವ ನಮಗೇ ಅವು ಹೆಚ್ಚು ಗೊತ್ತಿಲ್ಲ. ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಎಂ. ಎಚ್. ಕೇಸ್ವಾನಿ ಅವರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಸುಟ್ಟಗಾಯದ ಹೊದಿಕೆಯಾಗಿ ಬಳಸಿ 1985ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಸಯನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಅವರು ಬಾಳೆ ಎಲೆಯ ಹೊದಿಕೆಯನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲೆಯ ಮೇಣದಂಥ ನುಣುಪು ಮೇಲ್ಮೈ ಗಾಯಕ್ಕೆ ಅಂಟಿಕೊಳ್ಳದ ಕಾರಣ ಪಟ್ಟಿ ಬಿಚ್ಚುವಾಗ ನೋವಾಗುವುದಿಲ್ಲ. ಊಟದ ಎಲೆಯ ಆ ಗುಣ ನಮಗೆಲ್ಲ ಗೊತ್ತಿದ್ದದ್ದೇ, ಆದರೆ ಅದನ್ನು ಅಳೆದು ನೋಡಿದವರು ಅವರು. ಅದೇ ಆಸ್ಪತ್ರೆಯಲ್ಲಿ 2000ದಲ್ಲಿ ಚರ್ಮ ಬ್ಯಾಂಕು ಶುರುವಾಯಿತು. ತೀರಿಕೊಂಡವರ ತೊಡೆ, ಕಾಲು ಮತ್ತು ಬೆನ್ನಿನಿಂದ, ಸಾವಿನ ಆರು ಗಂಟೆಯೊಳಗೆ, ತೆಳುವಾದ ಪದರವನ್ನಷ್ಟೇ ತೆಗೆದು ಶೇ 85ರ ಗ್ಲಿಸರಾಲಿನಲ್ಲಿ ತಂಪಿನಲ್ಲಿಟ್ಟರೆ ಅದು ಐದು ವರ್ಷದವರೆಗೆ ಬಳಕೆಗೆ ಬರುತ್ತದೆ. ರಕ್ತದ ಗುಂಪು ಹೊಂದಬೇಕಿಲ್ಲ. ದೇಹ ವಿಕಾರವಾಗುವುದಿಲ್ಲ, ಅಂತ್ಯಸಂಸ್ಕಾರಕ್ಕೆ ಅಡ್ಡಿಯೂ ಇಲ್ಲ.

ಆದರೂ ಇದು ಸಾಲ ತಂದ ಹೊದಿಕೆ. ಬೇರೆಯವರ ಹೊರಚರ್ಮವನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ತುಂಬ ಬೇಗ ಗುರುತಿಸುತ್ತದೆ. ಮೂತ್ರಪಿಂಡ ಕಸಿಯಾದವರಿಗೆ ಕೊಡುವಂತೆ ನಿರೋಧಶಕ್ತಿಯನ್ನು ತಗ್ಗಿಸುವ ಔಷಧ ಕೊಡೋಣವೆಂದರೆ, ಮೈತುಂಬ ತೆರೆದ ಗಾಯವಿರುವ ರೋಗಿ ಸೋಂಕಿಗೆ ಬಲಿಯಾಗುತ್ತಾನೆ. ಗ್ಲಿಸರಾಲಿನಲ್ಲಿಟ್ಟ ಚರ್ಮದಲ್ಲಿ ಕೋಶಗಳು ಸತ್ತಿರುವುದರಿಂದ ತಿರಸ್ಕಾರ ತಡವಾಗುತ್ತದೆ, ತಪ್ಪುವುದಿಲ್ಲ. ಕೆಲವು ವಾರಗಳ ನಂತರ ಅದು ಕಳಚಿಕೊಂಡೇ ತೀರುತ್ತದೆ. ಶಾಶ್ವತವಾಗಿ ನಿಲ್ಲುವುದು ರೋಗಿಯ ಸ್ವಂತ ಹೊರಚರ್ಮ ಮಾತ್ರ. ಅದು ಮೈಯಲ್ಲಿ ಸಾಲದಿದ್ದರೆ ಮೈಯ ಹೊರಗೆ ಬೆಳೆಸಬೇಕು. ಗ್ರೀನ್ ಅವರ ಕತೆ ಬರುವುದು ಇಲ್ಲಿಗೆ.

ವಿಚಿತ್ರವೆಂದರೆ ಅವರು ಚರ್ಮಕ್ಕಾಗಿ ಹೊರಟವರೇ ಅಲ್ಲ. 1925ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯ ಪದವಿ ಪಡೆದ ಗ್ರೀನ್, ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ಕೆಲಸಕ್ಕೆ ತೊಡಗಿದರು. 1963ರಲ್ಲಿ ಅವರೂ ಆಗ ವೈದ್ಯ ವಿದ್ಯಾರ್ಥಿಯಾಗಿದ್ದ ಜಾರ್ಜ್ ಟೊಡಾರೊ ಅವರೂ ಇಲಿಯ ಭ್ರೂಣದ ಕೋಶಗಳನ್ನು ಒಂದು ಕಟ್ಟುನಿಟ್ಟಾದ ಕ್ರಮದಲ್ಲಿ ತಟ್ಟೆಯಿಂದ ತಟ್ಟೆಗೆ ಸಾಗಿಸುತ್ತ ಹೋದರು: ಮೂರು ದಿನಕ್ಕೊಮ್ಮೆ, ತಟ್ಟೆಗೆ ಮೂರು ಲಕ್ಷ ಕೋಶ. ಇಂಗ್ಲಿಷಿನಲ್ಲಿ ಸಾಗಾಟಕ್ಕಿರುವ ಪದದ ಮೊದಲ ಅಕ್ಷರವನ್ನು ನಡುವಿಗಿಟ್ಟು, ಈ ಎರಡು ಮೂರುಗಳನ್ನು ಆಚೀಚೆ ಸೇರಿಸಿ, ಹಾಗೆ ಸಿಕ್ಕ ತಳಿಗೆ ತ್ರೀ ಟೀ ತ್ರೀ ಎಂದು ಹೆಸರಿಟ್ಟರು. ಆ ಕೋಶಗಳಿಗೆ ಒಂದು ಶಿಸ್ತಿತ್ತು. ಒಂದಕ್ಕೊಂದು ತಗಲಿ ತಟ್ಟೆ ತುಂಬಿದೊಡನೆ ಬೆಳವಣಿಗೆ ನಿಲ್ಲಿಸುತ್ತಿದ್ದವು. ಕ್ಯಾನ್ಸರ್ ಕೋಶಕ್ಕೆ ಇಲ್ಲದ ಗುಣ ಅದು, ಆದ್ದರಿಂದ ಕ್ಯಾನ್ಸರ್ ಸಂಶೋಧಕರಿಗೆ ಅವು ಬೆಲೆಯುಳ್ಳ ಅಳತೆಗೋಲಾದವು. ಇವುಗಳದೇ ಒಂದು ಕವಲು ಸ್ವಲ್ಪ ದಿನ ಬಿಟ್ಟರೆ ಕೊಬ್ಬಿನ ಕೋಶವಾಗಿ ಮಾರ್ಪಡುತ್ತದೆ ಎಂದು ಗ್ರೀನ್ ಮುಂದೆ ಕಂಡುಕೊಂಡರು. ಪುಣೆಯ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರದಿಂದ ಇಂದಿಗೂ ಆ ಕವಲಿನ ಕೋಶಗಳು ದೇಶದ ಪ್ರಯೋಗಾಲಯಗಳಿಗೆ ಬೊಜ್ಜು ಮತ್ತು ಮಧುಮೇಹದ ಅಧ್ಯಯನಕ್ಕಾಗಿ ಹೋಗುತ್ತವೆ.

1970ರಲ್ಲಿ ಗ್ರೀನ್ ಅಮೆರಿಕದ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಅವರೂ ಅವರ ಶಿಷ್ಯ ಜೇಮ್ಸ್ ರೈನ್‌ವಾಲ್ಡ್ ಅವರೂ ಇಲಿಯ ಟೆರಟೋಮಾ ಎಂಬ ಗಡ್ಡೆಯೊಂದನ್ನು ಅಭ್ಯಾಸ ಮಾಡುತ್ತಿದ್ದರು. ಕೂದಲು, ಚರ್ಮ, ಎಲುಬು ಹೀಗೆ ಹಲವು ಬಗೆಯ ಅಂಗಾಂಶಗಳು ಗೊಂದಲವಾಗಿ ಬೆಳೆಯುವ ಗಡ್ಡೆ ಅದು. ಅದರಿಂದ ಬಂದ ಕೋಶಗಳ ನಡುವೆ ಅಲ್ಲಲ್ಲಿ ಚರ್ಮದ ಕೋಶಗಳನ್ನು ಹೋಲುವ ಗುಂಪುಗಳು ಕಂಡವು. ಆ ಗುಂಪುಗಳನ್ನು ಬೇರ್ಪಡಿಸಿ ಒಂಟಿಯಾಗಿ ಬೆಳೆಸಲು ಹೋದರೆ ಬೆಳೆಯಲಿಲ್ಲ. ಜೊತೆಗೆ ತ್ರೀ ಟೀ ತ್ರೀ ಕೋಶಗಳಿದ್ದಾಗ ಮಾತ್ರ ಬೆಳೆದವು. ಹತ್ತು ವರ್ಷದ ಹಿಂದೆ ಬೇರೊಂದು ಉದ್ದೇಶಕ್ಕೆ ಮಾಡಿಟ್ಟ ತಳಿ ಹೀಗೆ ಕೈಗೆ ಒದಗಿತು. ಗಡ್ಡೆಯ ಕೋಶಕ್ಕೆ ಸಲ್ಲುವುದು ಮನುಷ್ಯನ ಚರ್ಮಕ್ಕೂ ಸಲ್ಲಬಹುದೇ ಎಂದು ನವಜಾತ ಶಿಶುಗಳ ಸುನ್ನತಿಯಲ್ಲಿ ತೆಗೆದ ಚರ್ಮದ ಮೇಲೆ ಪರೀಕ್ಷಿಸಿ, 1975ರಲ್ಲಿ ಇಬ್ಬರೂ ಫಲಿತಾಂಶ ಪ್ರಕಟಿಸಿದರು.

ಅದಕ್ಕೆ ಮುಂಚೆ ಮನುಷ್ಯನ ಹೊರಚರ್ಮವನ್ನು ತಟ್ಟೆಯಲ್ಲಿ ಬೆಳೆಸಲು ಹೋದವರಿಗೆಲ್ಲ ಎರಡು ತೊಡಕು ಎದುರಾಗುತ್ತಿದ್ದವು. ಕೆರಟಿನೊಸೈಟುಗಳು ಬೇಗ ಗಟ್ಟಿಯಾಗಿ, ಮೈಯಲ್ಲಿ ಮಾಡುವುದನ್ನೇ ಇಲ್ಲೂ ಮಾಡಿ, ಸಾಯುತ್ತಿದ್ದವು. ಅವುಗಳ ಜೊತೆ ತಪ್ಪಿ ಬಂದ ಒಳಚರ್ಮದ ನಾರುಕೋಶಗಳು ಕಳೆಯಂತೆ ಹಬ್ಬಿ ತಟ್ಟೆಯನ್ನೆಲ್ಲ ಆಕ್ರಮಿಸುತ್ತಿದ್ದವು. ತ್ರೀ ಟೀ ತ್ರೀ ಕೋಶಗಳಿಗೆ ಮೊದಲೇ ವಿಕಿರಣ ಹಾಯಿಸಿ, ಜೀವ ಇರುವಂತೆ ಆದರೆ ಇಬ್ಭಾಗವಾಗದಂತೆ ಮಾಡಿ ತಟ್ಟೆಯ ತಳದಲ್ಲಿ ಹಾಸಿದರೆ ಎರಡೂ ತೊಡಕು ಒಟ್ಟಿಗೇ ಬಗೆಹರಿಯುತ್ತಿದ್ದವು. ಹಾಸಿದ ಕೋಶಗಳು ಕೆರಟಿನೊಸೈಟಿಗೆ ಬೇಕಾದ ಪದಾರ್ಥಗಳನ್ನು ಸ್ರವಿಸುತ್ತವೆ, ಜೊತೆಗೆ ನಾರುಕೋಶಗಳಿಗೆ ಜಾಗ ಬಿಡುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ನೇಜಿಯ ಉದಾಹರಣೆಯಲ್ಲಿ ಹೇಳಿದರೆ ಕೂಡಲೇ ತಿಳಿಯುತ್ತದೆ. ಭತ್ತವನ್ನು ಇಡೀ ಗದ್ದೆಗೆ ಎರಚುವ ಬದಲು ಒಂದು ಮೂಲೆಯಲ್ಲಿ, ಗೊಬ್ಬರ ಹಾಕಿ ಹದ ಮಾಡಿದ ಸಣ್ಣ ಸಸಿಮಡಿಯಲ್ಲಿ ಬಿತ್ತಿ, ಸಸಿ ಎದ್ದ ಮೇಲೆ ಕಿತ್ತು ದೊಡ್ಡ ಗದ್ದೆಗೆ ನಾಟಿ ಮಾಡುತ್ತೇವೆ. ಗ್ರೀನ್ ಮಾಡಿದ್ದು ಚರ್ಮದ ಸಸಿಮಡಿ. ವಿಕಿರಣ ಹಾಯಿಸಿದ ಇಲಿಯ ಕೋಶಗಳು ಅದರ ಗೊಬ್ಬರ. ಈ ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮುಂದೆ ನೋಡೋಣ.

ಸಸಿಮಡಿಯ ಹದ ಸಿಗಲು ಇನ್ನೂ ಕೆಲವು ವರ್ಷ ಹಿಡಿಯಿತು. 1977ರಲ್ಲಿ ಚರ್ಮದ ಬೆಳವಣಿಗೆಯನ್ನು ಪ್ರಚೋದಿಸುವ ಒಂದು ಪ್ರೋಟೀನನ್ನು ಪೋಷಕದ್ರವಕ್ಕೆ ಸೇರಿಸಿದಾಗ ಕೋಶಗಳ ಆಯುಸ್ಸು ಹೆಚ್ಚಿತು. ಮರುವರ್ಷ ಕಾಲರಾ ರೋಗಾಣುವಿನ ವಿಷವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಸೇರಿಸಿದರೆ ಕೋಶಗಳು ಇನ್ನೂ ಚುರುಕಾಗಿ ಇಬ್ಭಾಗವಾಗುತ್ತವೆ ಎಂದು ಗೊತ್ತಾಯಿತು. ಕರುಳಿನ ಕೋಶಗಳಲ್ಲಿ ಒಂದು ಸಂಕೇತ ಅಣುವನ್ನು ಏರಿಸಿ ಮನುಷ್ಯನ ಮೈಯ ನೀರನ್ನೆಲ್ಲ ಬಸಿಯುವ ವಿಷವೇ, ಚರ್ಮದ ಕೋಶದಲ್ಲಿ ಅದೇ ಅಣುವನ್ನು ಏರಿಸಿ ಬೆಳವಣಿಗೆಗೆ ನೆರವಾಗುತ್ತದೆ. ಬೆಳೆದ ಹಾಳೆಯನ್ನು ತಟ್ಟೆಯಿಂದ ಎಬ್ಬಿಸುವುದು ಕೊನೆಯ ಸಮಸ್ಯೆಯಾಗಿತ್ತು. ಸಾಮಾನ್ಯವಾಗಿ ಬಳಸುವ ಟ್ರಿಪ್ಸಿನ್ ಕಿಣ್ವ ಕೋಶಗಳನ್ನು ಒಂದರಿಂದೊಂದು ಬಿಡಿಸಿ ಹಾಳೆಯನ್ನು ಚೂರಾಗಿಸುತ್ತದೆ. ಡಿಸ್ಪೇಸ್ ಎಂಬ ಇನ್ನೊಂದು ಕಿಣ್ವ ತಟ್ಟೆಯೊಂದಿಗಿನ ಹಿಡಿತವನ್ನಷ್ಟೇ ಸಡಿಲಿಸುತ್ತದೆ ಎಂಬುದನ್ನು 1979ರಲ್ಲಿ ತೋರಿಸಿದ ಮೇಲೆ, ಕೆನೆ ಎತ್ತುವಂತೆ ಹಾಳೆಯನ್ನು ಇಡಿಯಾಗಿ ಎತ್ತಿ, ವ್ಯಾಸಲೀನ್ ಸವರಿದ ಬಟ್ಟೆಗೆ ಅಂಟಿಸಿ, ಗಾಯದ ಮೇಲೆ ಹರಡಲು ಸಾಧ್ಯವಾಯಿತು. ಅಂಚೆಚೀಟಿಯಷ್ಟು ಚರ್ಮ ಮೂರು ನಾಲ್ಕು ವಾರಗಳಲ್ಲಿ ಸಾವಿರಾರು ಪಟ್ಟು ಹಿಗ್ಗುತ್ತಿತ್ತು.

1981ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯರು ಇಂಥ ಹಾಳೆಗಳನ್ನು ಮೊದಲು ರೋಗಿಗಳ ಮೇಲೆ ಬಳಸಿದ ವರದಿ ಬಂತು. ನಿಜವಾದ ಪರೀಕ್ಷೆ ಎದುರಾದದ್ದು 1983ರಲ್ಲಿ. ವಯೋಮಿಂಗ್ ರಾಜ್ಯದ ಇಬ್ಬರು ಅಣ್ಣತಮ್ಮಂದಿರು, ಐದು ಮತ್ತು ಆರು ವರ್ಷದವರು, ಮೈಯ ಶೇ 95ಕ್ಕಿಂತ ಹೆಚ್ಚು ಭಾಗ ಸುಟ್ಟ ಸ್ಥಿತಿಯಲ್ಲಿ ಬಾಸ್ಟನ್ನಿನ ಮಕ್ಕಳ ಸುಟ್ಟಗಾಯದ ಆಸ್ಪತ್ರೆಗೆ ಬಂದರು. ಅಂಥ ಗಾಯದಿಂದ ಬದುಕುವ ಆಸೆಯನ್ನು ಆಗ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಬಂದಿದ್ದ ಗ್ರೀನ್ ಅವರ ಪ್ರಯೋಗಾಲಯಕ್ಕೆ, ಸುಡದೆ ಉಳಿದ ಚರ್ಮದ ಚಿಕ್ಕ ತುಣುಕುಗಳನ್ನು ಕಳುಹಿಸಲಾಯಿತು. ಅದು ಆಸ್ಪತ್ರೆಯ ಕಾರ್ಖಾನೆಯಲ್ಲ, ಸಂಶೋಧನೆಯ ಕೋಣೆ. ಅಲ್ಲಿಯೇ ಅವರ ಸಹೋದ್ಯೋಗಿಗಳು ನೂರಾರು ಹಾಳೆಗಳನ್ನು ಬೆಳೆಸಿ ಕಳುಹಿಸಿದರು. ಮೈಯ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ಹೀಗೆ ಬೆಳೆಸಿದ ಚರ್ಮದಿಂದ ಮುಚ್ಚಿತು. ಇಬ್ಬರೂ ಬದುಕಿದರು. 1984ರಲ್ಲಿ ಪ್ರಕಟವಾದ ಆ ವರದಿಯ ನಂತರ ತಟ್ಟೆಯಲ್ಲಿ ಬೆಳೆಸಿದ ಅಂಗಾಂಶ ಜೀವ ಉಳಿಸಬಲ್ಲದು ಎಂಬುದರಲ್ಲಿ ಯಾರಿಗೂ ಸಂದೇಹ ಉಳಿಯಲಿಲ್ಲ.

ಇನ್ನು ನೇಜಿಯ ಹೋಲಿಕೆ ಕೈಕೊಡುವ ಜಾಗ. ನಾಟಿ ಮಾಡುವ ಸಸಿಗೆ ಬೇರಿರುತ್ತದೆ. ಗ್ರೀನ್ ಅವರ ಹಾಳೆಗೆ ಇರಲಿಲ್ಲ. ಹೊರಚರ್ಮವನ್ನು ಒಳಚರ್ಮಕ್ಕೆ ಬಿಗಿಯುವ ಸೂಕ್ಷ್ಮ ನಾರುಗಳು ಪೂರ್ತಿ ಬಲಿಯಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಸ್ವಲ್ಪ ಉಜ್ಜಿದರೂ ಗುಳ್ಳೆ ಏಳುತ್ತದೆ. ಆಳವಾಗಿ ಸುಟ್ಟ ಕಡೆ ಒಳಚರ್ಮವೇ ಇರುವುದಿಲ್ಲ, ಅಂದರೆ ನಾಟಿಗೆ ಮಣ್ಣೇ ಇಲ್ಲ. ಸೋಂಕು ತಗುಲಿದರೆ ಒಂದು ರಾತ್ರಿಯಲ್ಲಿ ವಾರಗಳ ದುಡಿಮೆ ಕರಗಿಹೋಗುತ್ತದೆ. ಆ ಮಣ್ಣಿನ ಸಮಸ್ಯೆಯನ್ನು ಅದೇ ಊರಿನಲ್ಲಿ, ಅದೇ ಕಾಲದಲ್ಲಿ ಇನ್ನಿಬ್ಬರು ಬೇರೆ ದಾರಿಯಿಂದ ಬಿಡಿಸುತ್ತಿದ್ದರು. ಎಂಜಿನಿಯರಿಂಗ್ ಪ್ರಾಧ್ಯಾಪಕ ಅಯೊನ್ನಿಸ್ ಯಾನಾಸ್ ಮತ್ತು ಶಸ್ತ್ರವೈದ್ಯ ಜಾನ್ ಬರ್ಕ್, ದನದ ಕೊಲಾಜೆನನ್ನು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಸಕ್ಕರೆಯಂಥ ಪದಾರ್ಥದೊಂದಿಗೆ ಬೆರೆಸಿ ಸ್ಪಂಜಿನಂಥ ಹಂದರವೊಂದನ್ನು ಮಾಡಿ, ಮೇಲೆ ಸಿಲಿಕೋನಿನ ಪೊರೆ ಹೊದಿಸಿ 1981ರಲ್ಲಿ ವರದಿ ಮಾಡಿದ್ದರು. ಗಾಯದ ಮೇಲಿಟ್ಟರೆ ರೋಗಿಯ ಕೋಶಗಳೂ ರಕ್ತನಾಳಗಳೂ ಮಲ್ಲಿಗೆ ಬಳ್ಳಿಯಂತೆ ಹಂದರವನ್ನು ಹತ್ತುತ್ತವೆ. ಬಳ್ಳಿ ಬಲಿತಂತೆ ಹಂದರ ತಾನೇ ಕರಗುತ್ತದೆ. ಉಳಿಯುವುದು ಹೊಸ ಒಳಚರ್ಮ. ಅದರ ಮೇಲೆ ತೆಳುವಾದ ಕಸಿ ಸಾಕು. ಗ್ರೀನ್ ಕೋಶದಿಂದ ಹೊರಟರು, ಇವರು ಹಂದರದಿಂದ. ಎರಡೂ ಒಂದೇ ಕೆಲಸದ ಎರಡು ಭಾಗ ಎಂಬ ತಿಳಿವಳಿಕೆ ಗಟ್ಟಿಯಾದದ್ದು 1993ರಲ್ಲಿ, ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಅವರು ಅಂಗಾಂಶ ಎಂಜಿನಿಯರಿಂಗ್ ಎಂಬ ಹೆಸರಿನಲ್ಲೇ ಬರೆದ ಲೇಖನದಿಂದ: ಕೋಶ, ಅದು ಹಬ್ಬಲು ಹಂದರ, ಅದಕ್ಕೆ ಯಾವಾಗ ಏನಾಗಬೇಕೆಂದು ಹೇಳುವ ರಾಸಾಯನಿಕ ಸಂಕೇತ.

ಈ ಮೂರು ಇದ್ದರೆ ಯಕೃತ್ತನ್ನೂ ಮೂತ್ರಪಿಂಡವನ್ನೂ ಬೆಳೆಸಬಹುದಲ್ಲ ಎಂದು ಆ ಕಾಲದಲ್ಲಿ ಅನೇಕರು ನಂಬಿದ್ದರು. ಮೂವತ್ತು ವರ್ಷ ಕಳೆದರೂ ಆಗಿಲ್ಲ. ತರಗತಿಯಲ್ಲಿ ಮಕ್ಕಳಿಗೆ ನಾನು ಹೇಳುತ್ತಿದ್ದ ಕಾರಣ ಒಂದೇ, ಕೋಶಕ್ಕೂ ರಕ್ತನಾಳಕ್ಕೂ ನಡುವಿನ ದೂರ. ಆಮ್ಲಜನಕ ಅಂಗಾಂಶದೊಳಗೆ ತಾನಾಗಿ ಹರಡಬಲ್ಲ ದೂರ ಮಿಲಿಮೀಟರಿನ ಹತ್ತನೇ ಒಂದು, ಹೆಚ್ಚೆಂದರೆ ಎರಡು ಭಾಗ. ಹೊರಚರ್ಮ ಅದಕ್ಕೆ ಒಗ್ಗುತ್ತದೆ, ಏಕೆಂದರೆ ಮೈಯಲ್ಲೂ ಅದಕ್ಕೆ ಸ್ವಂತ ರಕ್ತನಾಳವಿಲ್ಲ. ಕಣ್ಣಿನ ಕಾರ್ನಿಯಾಕ್ಕೂ ಇಲ್ಲ, ಮಂಡಿಯ ಮೃದ್ವಸ್ಥಿಗೂ ಇಲ್ಲ. ಅಂಗಾಂಶ ಎಂಜಿನಿಯರಿಂಗ್ ಗೆದ್ದ ಕಡೆಗಳ ಪಟ್ಟಿ ಮಾಡಿದರೆ ಬಹುಪಾಲು ಈ ಜಾಗಗಳೇ ಬರುತ್ತವೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 2011ರಲ್ಲಿ ಶಸ್ತ್ರವೈದ್ಯ ಪಾವೊಲೊ ಮಾಕಿಯಾರಿನಿ ಪ್ಲಾಸ್ಟಿಕ್ಕಿನ ಶ್ವಾಸನಾಳದ ಹಂದರಕ್ಕೆ ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ಬಿತ್ತಿ ಅಳವಡಿಸಿದಾಗ ಲೋಕವೆಲ್ಲ ಕೊಂಡಾಡಿತು. ರಕ್ತಸಂಚಾರವಿಲ್ಲದ ಆ ಕೊಳವೆ ಜೀವಂತ ಅಂಗವಾಗಲಿಲ್ಲ; ಅದನ್ನು ಪಡೆದ ರೋಗಿಗಳಲ್ಲಿ ಹೆಚ್ಚಿನವರು ತೀರಿಕೊಂಡರು, ಪ್ರಬಂಧಗಳು ಹಿಂಪಡೆಯಲ್ಪಟ್ಟವು, 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷದ ಸೆರೆಶಿಕ್ಷೆ ವಿಧಿಸಿತು. ಪ್ರಾಣಿಗಳ ಮೇಲೆ ಸರಿಯಾಗಿ ಪರೀಕ್ಷಿಸದೆ ಮನುಷ್ಯರ ಮೇಲೆ ಕೈಯಿಟ್ಟದ್ದು ಅಲ್ಲಿನ ಅಪರಾಧ.

ಗ್ರೀನ್ ಅವರ ಕೊನೆಯ ದೊಡ್ಡ ಕೊಡುಗೆ ಇಷ್ಟು ಪ್ರಸಿದ್ಧವಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚಿನದು. 1987ರಲ್ಲಿ ಅವರೂ ಯಾನ್ ಬರಾಂಡೊ ಅವರೂ ಒಂದೊಂದೇ ಕೆರಟಿನೊಸೈಟನ್ನು ಆರಿಸಿ ಬೇರೆ ಬೇರೆ ತಟ್ಟೆಯಲ್ಲಿ ಬೆಳೆಸಿ, ಅವುಗಳ ಸಂತಾನವನ್ನು ಎಣಿಸಿದರು. ಕಣ್ಣಿಗೆ ಒಂದೇ ಥರ ಕಾಣುವ ಕೋಶಗಳಲ್ಲಿ ಮೂರು ಜಾತಿ ಇತ್ತು. ಕೆಲವು ಹೆಚ್ಚೆಂದರೆ ಹದಿನೈದು ಬಾರಿ ಇಬ್ಭಾಗವಾಗಿ ಮುಗಿಯುತ್ತಿದ್ದವು, ಕೆಲವು ನಡುವಿನವು, ಹೊಲೊಕ್ಲೋನ್ ಎಂದು ಅವರು ಕರೆದ ಕೆಲವೇ ಕೆಲವು ಮಾತ್ರ ನೂರಕ್ಕೂ ಹೆಚ್ಚು ಬಾರಿ ಇಬ್ಭಾಗವಾಗಬಲ್ಲವಾಗಿದ್ದವು. ಚರ್ಮದ ನಿಜವಾದ ಕಾಂಡಕೋಶಗಳು, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರುವ ಸ್ಟೆಮ್ ಸೆಲ್ಲುಗಳು, ಇವೇ. ಕಸಿ ಮಾಡಿದ ಹಾಳೆಯಲ್ಲಿ ಇವು ಸಾಕಷ್ಟಿದ್ದರೆ ಚರ್ಮ ಜೀವಮಾನವಿಡೀ ನಿಲ್ಲುತ್ತದೆ, ಇಲ್ಲವಾದರೆ ಮೊದಲು ಚೆನ್ನಾಗಿ ಹಿಡಿದಂತೆ ಕಂಡು ಕೆಲವು ತಿಂಗಳಲ್ಲಿ ಉದುರಿಹೋಗುತ್ತದೆ. ಅಂದರೆ ಬೀಜ ಎಷ್ಟಿದೆ ಎಂಬುದಲ್ಲ, ಜೊಳ್ಳು ಎಷ್ಟು ಎಂಬುದು ಪ್ರಶ್ನೆ. ಅಲ್ಲಿಯವರೆಗೆ ಹಾಳೆಯ ಅಗಲವನ್ನು ಅಳೆಯುತ್ತಿದ್ದವರು ಇನ್ನು ಮುಂದೆ ಹಾಳೆಯೊಳಗಿನ ಕಾಂಡಕೋಶಗಳನ್ನು ಎಣಿಸಬೇಕಾಯಿತು.

ಈ ಎಳೆಯನ್ನು ಹಿಡಿದವರು ಇಟಲಿಯ ಗ್ರಾಟ್ಸಿಯೆಲ್ಲಾ ಪೆಲೆಗ್ರಿನಿ ಮತ್ತು ಮಿಕೆಲೆ ಡೆ ಲೂಕಾ. ಕಣ್ಣಿನ ಕಪ್ಪು ಮತ್ತು ಬಿಳಿ ಸೇರುವ ಅಂಚಿನಲ್ಲಿ ಕಾರ್ನಿಯಾದ ಕಾಂಡಕೋಶಗಳಿರುತ್ತವೆ. ಸುಣ್ಣವೋ ಆಸಿಡ್ಡೋ ಸಿಡಿದು ಅವು ಸತ್ತರೆ ಕಣ್ಣಿನ ಮೇಲೆ ಬಿಳಿಯ ಪೊರೆ ಹಬ್ಬಿ ದೃಷ್ಟಿ ಹೋಗುತ್ತದೆ, ಆಗ ದಾನಿಯ ಕಾರ್ನಿಯಾ ಹಾಕಿದರೂ ನಿಲ್ಲುವುದಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಅದರ ಅಂಚಿನಿಂದ ಒಂದೆರಡು ಮಿಲಿಮೀಟರ್ ತುಣುಕು ತೆಗೆದು, ಗ್ರೀನ್ ಅವರ ಸಸಿಮಡಿಯಲ್ಲಿ ಬೆಳೆಸಿ, ಹಾಳಾದ ಕಣ್ಣಿಗೆ ನಾಟಬಹುದೆಂದು ಅವರು 1997ರಲ್ಲಿ ಇಬ್ಬರು ರೋಗಿಗಳಲ್ಲಿ ತೋರಿಸಿದರು. 2010ರಲ್ಲಿ 112 ರೋಗಿಗಳ ಫಲಿತಾಂಶ ಬಂದಾಗ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಶಾಶ್ವತ ಗುಣ ಕಂಡಿತ್ತು. ಕಾಂಡಕೋಶಗಳ ಪಾಲು ಶೇ 3ಕ್ಕಿಂತ ಹೆಚ್ಚಿದ್ದ ಕಸಿಗಳು ಚೆನ್ನಾಗಿ ನಿಂತವು, ಕಡಿಮೆಯಿದ್ದವು ಬಹುಮಟ್ಟಿಗೆ ಸೋತವು. 2015ರಲ್ಲಿ ಯುರೋಪ್ ಇದಕ್ಕೆ ಅನುಮತಿ ಕೊಟ್ಟಿತು. ನಮ್ಮ ದೇಶಕ್ಕೆ ಒಗ್ಗುವ ಜಾಣತನ ಮಾತ್ರ ಹೈದರಾಬಾದಿನದು. ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಡಾ. ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು, ಅಂಚಿನ ಆ ತುಣುಕನ್ನು ಸಣ್ಣಗೆ ಕತ್ತರಿಸಿ, ಹಾಳಾದ ಕಣ್ಣಿನ ಮೇಲೆಯೇ ಗರ್ಭಕೋಶದ ನೀರಿನ ಚೀಲದ ಪೊರೆ ಹಾಸಿ, ಅದರ ಮೇಲೆ ಅಂಟಿಸಿದರು. ಪ್ರಯೋಗಾಲಯವೇ ಬೇಡವಾಯಿತು, ಕಣ್ಣೇ ಸಸಿಮಡಿಯಾಯಿತು. 2012ರಲ್ಲಿ ಅವರು ಪ್ರಕಟಿಸಿದ ಈ ವಿಧಾನಕ್ಕೆ ಆಗುವ ಖರ್ಚು ಕೋಶ ಬೆಳೆಸುವ ಖರ್ಚಿನ ಸಣ್ಣ ಪಾಲು ಮಾತ್ರ.

ಡೆ ಲೂಕಾ ಅವರ ತಂಡ 2015ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಜರ್ಮನಿಯ ಬೋಕುಮ್‌ನಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಸಿರಿಯಾದಿಂದ ವಲಸೆ ಬಂದ ಕುಟುಂಬದ ಏಳು ವರ್ಷದ ಬಾಲಕನಿಗೆ, ಹೊರಚರ್ಮವನ್ನು ಒಳಚರ್ಮಕ್ಕೆ ಬೆಸೆಯುವ ಪ್ರೋಟೀನಿನ ವಂಶವಾಹಿಯಲ್ಲೇ ದೋಷವಿತ್ತು. ಮುಟ್ಟಿದರೆ ಚರ್ಮ ಕಳಚುತ್ತಿತ್ತು. ಅವನದೇ ಚರ್ಮದ ಕೋಶಗಳಿಗೆ ಸರಿಯಾದ ವಂಶವಾಹಿಯನ್ನು ಸೇರಿಸಿ, ಹಾಳೆಗಳಾಗಿ ಬೆಳೆಸಿ, ಮೈಯ ಸುಮಾರು ಶೇ 80 ಭಾಗವನ್ನು ಮುಚ್ಚಲಾಯಿತು. ಹುಡುಗ ಶಾಲೆಗೆ ಮರಳಿದ. ಸೇರಿಸಿದ ವಂಶವಾಹಿ ಪ್ರತಿ ಕೋಶದಲ್ಲೂ ಬೇರೆ ಬೇರೆ ಜಾಗದಲ್ಲಿ ಕೂತಿದ್ದರಿಂದ ಅದು ಹಚ್ಚೆಯ ಗುರುತಿನಂತೆ ಕೆಲಸ ಮಾಡಿತು. ತಿಂಗಳುಗಳ ನಂತರ ಚರ್ಮ ಪರೀಕ್ಷಿಸಿದಾಗ, ಇಡೀ ಹೊರಚರ್ಮ ಕೆಲವೇ ಹೊಲೊಕ್ಲೋನುಗಳ ಸಂತಾನವೆಂದು ತಿಳಿಯಿತು. 1987ರಲ್ಲಿ ತಟ್ಟೆಯಲ್ಲಿ ಎಣಿಸಿದ ಲೆಕ್ಕ ಮನುಷ್ಯನ ಮೈಮೇಲೆ ಸರಿಬಂದಿತ್ತು. ಆ ವರದಿ 2017ರಲ್ಲಿ ಪ್ರಕಟವಾಯಿತು. ಗ್ರೀನ್ 2015ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ನಮ್ಮ ಸುತ್ತಮುತ್ತಲಿನ ಕೆಲಸವನ್ನು ನೋಡಿದರೆ ಈ ಶಾಸ್ತ್ರದ ಬಿಡಿಭಾಗಗಳು ಬೇರೆ ಬೇರೆ ಕಡೆ ಹರಡಿಕೊಂಡಿವೆ. ಪರೇಲಿನ ಟಾಟಾ ಆಸ್ಪತ್ರೆಯ ಅಂಗಾಂಶ ಬ್ಯಾಂಕು 1988ರಿಂದ ಎಲುಬು ಮತ್ತು ಗರ್ಭಕೋಶದ ನೀರಿನ ಚೀಲದ ಪೊರೆಯನ್ನು ಗಾಮಾ ಕಿರಣದಿಂದ ಶುದ್ಧಿಮಾಡಿ ಕೊಡುತ್ತಿದೆ. ಪುಣೆಯ ಪಾಷಾಣ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಂಶೋಧಕರು ರೇಷ್ಮೆಯ ಪ್ರೋಟೀನಿನಿಂದ ಎಲುಬಿಗೆ ಬೇಕಾದ ಹಂದರಗಳನ್ನು ತಯಾರಿಸುವ ಕೆಲಸ ಮಾಡಿದ್ದಾರೆ. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಇದರ ತತ್ತ್ವ ಸುಲಭ: ಗೂಡಿನ ನೂಲಿನಲ್ಲಿ ಒಳಗೆ ಫೈಬ್ರೊಯಿನ್ ಎಂಬ ಗಟ್ಟಿ ಪ್ರೋಟೀನು, ಹೊರಗೆ ಸೆರಿಸಿನ್ ಎಂಬ ಅಂಟು. ಅಂಟನ್ನು ಕುದಿಸಿ ತೆಗೆದರೆ ಉಳಿಯುವ ಫೈಬ್ರೊಯಿನನ್ನು ನಮ್ಮ ದೇಹ ಬಹುಮಟ್ಟಿಗೆ ಸಹಿಸುತ್ತದೆ, ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಶಸ್ತ್ರವೈದ್ಯರು ರೇಷ್ಮೆ ದಾರದಿಂದ ಹೊಲಿಗೆ ಹಾಕುವುದು ಬಹಳ ಹಿಂದಿನಿಂದ ಇದೆ, ಹಂದರ ಅದರ ಮುಂದುವರಿಕೆ.

ಇದೇ ಹೆಸರಿನ ಕೆಳಗೆ ಇನ್ನೊಂದು ವ್ಯಾಪಾರವೂ ಇದೆ. ಮಂಡಿನೋವಿನಿಂದ ಆಟಿಸಂವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್ ಎಂಬ ಜಾಹೀರಾತಿನ ಚೀಟಿಗಳನ್ನು ನನ್ನ ಕೈಗೆ ತಂದುಕೊಟ್ಟು, "ಇದು ಖರೆ ಅದನೋ ಸರ, ನಮ್ಮ ಅವ್ವಗ ಕೊಡಸಬಹುದೇನು?" ಎಂದು ಕೇಳಿದ ಹುಬ್ಬಳ್ಳಿ ಕಡೆಯ ನೆರೆಯವರಿಗೆ ನಾನು ಹೇಳಿದ್ದಿಷ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆ ಮೊದಲಾದ ನಿಗದಿತ ರೋಗಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥ ಚಿಕಿತ್ಸೆಯನ್ನು ಬಿಟ್ಟರೆ, ಕಾಂಡಕೋಶದ ಬೇರೆ ಬಳಕೆಯೆಲ್ಲ ಪ್ರಯೋಗ. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಹಣ ಕೇಳುವಂತಿಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಯಾವ ಕೋಶ, ಅದನ್ನು ಎಲ್ಲಿ ಬೆಳೆಸಿದರು, ಔಷಧ ನಿಯಂತ್ರಕರ ಅನುಮತಿ ಎಲ್ಲಿದೆ ಎಂಬುದನ್ನು. ಹೊಲೊಕ್ಲೋನನ್ನು ಎಣಿಸದೆ ಕಸಿ ಮಾಡಬಾರದೆಂದು ಕಲಿಯಲು ಬಲ್ಲವರಿಗೇ ಹನ್ನೆರಡು ವರ್ಷ ಹಿಡಿದಿರುವಾಗ, ಮೈಯೊಳಗೆ ಯಾವ ಕೋಶ ಹೋಯಿತೆಂದೇ ಹೇಳಲಾರದ ಇಂಜೆಕ್ಷನ್ನಿನ ಬಗ್ಗೆ ನನಗೆ ಬೇರೆ ಅಭಿಪ್ರಾಯವಿಲ್ಲ.

ಗ್ರೀನ್ ಅವರ ಹಾಳೆ ಇಂದಿಗೂ ಕೊಡಲಾರದ್ದು ಕೆಲವಿವೆ: ಕೂದಲು, ಎಣ್ಣೆಯ ಗ್ರಂಥಿ, ಬೆವರಿನ ಗ್ರಂಥಿ. ಒಳಚರ್ಮದ ಆಳದಲ್ಲಿರುವ ಇವುಗಳನ್ನು ಕಸಿಯ ಚರ್ಮದಲ್ಲಿ ಎಬ್ಬಿಸುವ ದಾರಿಯನ್ನು ಪ್ರಯೋಗಾಲಯಗಳು ಇನ್ನೂ ಹುಡುಕುತ್ತಿವೆ. ತೊಡೆಯಿಂದ ಹೆರೆದ ತೆಳುವಾದ ಕಸಿಗೂ ಇದೇ ಕೊರತೆ. ನಮ್ಮ ಕುಂದಾಪುರದ ಹುಡುಗನ ತೊಡೆ ಹದಿನೈದು ದಿನದಲ್ಲಿ ಒಣಗಿತು, ಬಣ್ಣ ಮಾತ್ರ ಸ್ವಲ್ಪ ಮಾಸಲು. ಕೈಯ ಕಸಿಯೂ ಹಿಡಿಯಿತು, ಬಲೆಯ ಗುರುತು ಈಗಲೂ ಕಾಣುತ್ತದೆ. ಮೇ ತಿಂಗಳಿನ ಮಧ್ಯಾಹ್ನ ಅವನು ಒಲೆಯ ಮುಂದೆ ನಿಂತಾಗ ಹಣೆ, ಕುತ್ತಿಗೆ, ಎಡಗೈ ಎಲ್ಲ ಬೆವರಿಳಿಯುತ್ತಿದ್ದರೂ ಬಲಗೈಯ ಆ ಒಂದು ಗೇಣು ಜಾಗ ಒಣಗಿಯೇ ಇರುತ್ತದೆ. ಅದಕ್ಕೆ ಆಗಾಗ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಾನೆ, ರಾತ್ರಿ ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಸವರುತ್ತಾನೆ.